ಮೀನಿನ ಹೊಕ್ಕುಳಬಳ್ಳಿ

ಸೇಡಂ ತಾಲ್ಲೂಕಿನ ಮಳಖೇಡ ಪಶ್ಚಿಮ ಸಮುದ್ರದಿಂದ ಸುಮಾರು ನಾಲ್ಕು ನೂರು ಕಿಲೋಮೀಟರು ಒಳನಾಡಿನಲ್ಲಿದೆ. ಕಾಗಿಣಾ ನದಿಯ ದಡದ ಈ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿತ್ತೆಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಇಲ್ಲಿಯ ಅರಸನ ಕೀರ್ತಿಯೂ ಸಮುದ್ರದ ಒಂದು ವಿಚಿತ್ರ ಮೀನಿನ ಸುದ್ದಿಯೂ ಒಂದೇ ಪುಸ್ತಕದಲ್ಲಿ ಕೂಡಿ ಬಂದಿರುವ ಸಂಗತಿ ಅನೇಕರಿಗೆ ತಿಳಿದಿರಲಾರದು.

ಆ ಪುಸ್ತಕ ಅರಬ್ಬಿ ಭಾಷೆಯದು, ಕ್ರಿ. ಶ. ೮೫೧ರಲ್ಲಿ ಸಂಕಲಿತವಾದುದು. ಪರ್ಷಿಯಾದ ಕೊಲ್ಲಿಯಿಂದ ಹಿಂದೂಸ್ಥಾನ, ಚೀನಾಗಳವರೆಗೆ ಹಡಗಿನಲ್ಲಿ ಓಡಾಡುತ್ತಿದ್ದ ವರ್ತಕರ ಮಾತುಗಳನ್ನು ಕೂಡಿಸಿ ಬರೆದ ಈ ವೃತ್ತಾಂತ ಬಹುಕಾಲದಿಂದ ಸುಲೈಮಾನನೆಂಬ ವರ್ತಕನ ಹೆಸರಿಗೆ ಅಂಟಿಕೊಂಡು ಬಂದಿದೆ. ಲೋಕದ ನಾಲ್ವರು ಮಹಾರಾಜರು ಯಾರೆಂದು ಎಣಿಸುವಾಗ ಅದು ಅರಬರ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ಅರಸ, ಇವರ ಸಾಲಿನಲ್ಲಿಯೇ 'ಬಲ್ಹರಾ' ಎಂಬವನನ್ನು ಕೂಡಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ. ಆಗ ಮಾನ್ಯಖೇಟದಲ್ಲಿ ಆ ಬಿರುದು ಹೊತ್ತು ಆಳುತ್ತಿದ್ದವನು ನಮ್ಮ ಅಮೋಘವರ್ಷ ನೃಪತುಂಗ. ಕೊಂಕಣದ ಕರಾವಳಿಯೂ ಅವನ ರಾಜ್ಯಕ್ಕೆ ಸೇರಿದ್ದಿತು.

ಇದೇ ಪುಸ್ತಕದ ಮೊದಲ ಭಾಗದಲ್ಲಿ ಮೀನಿನ ಸುದ್ದಿಯಿದೆ. ನಾವಿಕರು ಇಪ್ಪತ್ತು ಮೊಳ ಉದ್ದದ ಮೀನೊಂದನ್ನು ಹಿಡಿದು ಹೊಟ್ಟೆ ಸೀಳಿದರಂತೆ. ಒಳಗೆ ಅದೇ ಜಾತಿಯ ಇನ್ನೊಂದು ಮೀನು; ಅದರ ಹೊಟ್ಟೆಯನ್ನು ಸೀಳಿದರೆ ಅದರೊಳಗೆ ಮತ್ತೊಂದು. ಎಲ್ಲವೂ ಜೀವಂತವಾಗಿ ಮಿಸುಕಾಡುತ್ತಿದ್ದವಂತೆ. ರೂಪದಲ್ಲಿ ಒಂದನ್ನೊಂದು ಹೋಲುತ್ತಿದ್ದವಂತೆ.

ಮೀನಿನೊಳಗೆ ಮೀನು ಎಂದೊಡನೆ ನಮ್ಮವರಿಗೆ ನೆನಪಾಗುವುದು ನುಂಗುವ ಮಾತು. ತಿಮಿಯನ್ನು ನುಂಗುವುದು ತಿಮಿಂಗಿಲ. ದೊಡ್ಡದು ಚಿಕ್ಕದನ್ನು ತಿನ್ನುವುದು ಮತ್ಸ್ಯನ್ಯಾಯ. ಆದರೆ ನುಂಗಿದ ಮೀನು ಜೀವಂತವಾಗಿ, ನುಂಗಿದವನ ರೂಪವನ್ನೇ ತಾಳಿಕೊಂಡು ಇರುವುದೆಂತು? ನಾವಿಕರು ಸೀಳಿದ್ದು ತಿಮಿಂಗಿಲವೋ ಶಾರ್ಕೋ ಎಂಬುದನ್ನು ಅಷ್ಟು ಮಾತಿನಿಂದ ಗೊತ್ತುಮಾಡುವಂತಿಲ್ಲ. ಮರಿಯ ಹೊಟ್ಟೆಯಲ್ಲಿ ಮತ್ತೊಂದು ಮರಿ ಎಂಬುದು ಬಂದರುಕಟ್ಟೆಯ ಹರಟೆಯಲ್ಲಿ ಬೆಳೆದ ಬಾಲವಿರಬೇಕು. ಆದರೆ ಮೊದಲ ಸೀಳಿಗೆ ಕಂಡ ನೋಟ, ಎಂದರೆ ತಾಯಿಯ ಹೊಟ್ಟೆಯಲ್ಲಿ ತಾಯಿಯಂತೆಯೇ ಇರುವ ಜೀವಂತ ಮರಿ, ಕರಾವಳಿಯಲ್ಲಿ ಮೀನು ಕೊಯ್ಯುವವರಿಗೆ ಚಿರಪರಿಚಿತವಾದದ್ದು. ತುಳುನಾಡಿನವರು ತಾಟೆ ಎಂದೂ ಕಾರವಾರದ ಕಡೆಯ ಕೊಂಕಣಿಗರು ಮೋರಿ ಎಂದೂ ಕರೆಯುವ ಶಾರ್ಕ್ ಮೀನಿನಲ್ಲಿ ಇದು ದಿನದ ಮಾತು. ಮೀನು ಕೊಯ್ಯುವವರಿಗೆ ಗೊತ್ತಿದ್ದ ಈ ಸಂಗತಿಯನ್ನು ಒಪ್ಪಿಕೊಳ್ಳಲು ಪಂಡಿತಲೋಕಕ್ಕೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಹಿಡಿಯಿತು. ಆ ಕಥೆ ಕೇಳತಕ್ಕದ್ದಾಗಿದೆ.

ಮೊದಲು ಸಂಗತಿಯನ್ನು ತಿಳಿದುಕೊಳ್ಳೋಣ. ಬೂತಾಯಿ, ಬಂಗುಡೆಗಳಂಥ ಮೀನುಗಳು ಸಾವಿರಗಟ್ಟಲೆ ತತ್ತಿಗಳನ್ನು ನೀರಿಗೆ ಚೆಲ್ಲಿ ಹೋಗುತ್ತವೆ. ಗಂಡಿನ ಬೀಜ ಅವಕ್ಕೆ ಸೇರುವುದೂ ನೀರಿನಲ್ಲಿಯೇ. ಶಾರ್ಕಿನ ರೀತಿ ಬೇರೆ. ಅದರಲ್ಲಿ ಗಂಡುಹೆಣ್ಣುಗಳ ಸಂಗಮವಾಗಿ ತತ್ತಿ ತಾಯಿಯ ಒಡಲಿನಲ್ಲಿಯೇ ಫಲಿಸುತ್ತದೆ. ಮುಂದೆ ದಾರಿ ಕವಲೊಡೆಯುತ್ತದೆ. ಕೆಲವು ಜಾತಿಗಳು ಕೊಂಬಿನಂಥ ಗಟ್ಟಿ ಪದಾರ್ಥದ ಸಂಚಿಯಲ್ಲಿ ತತ್ತಿಯನ್ನು ಸುತ್ತಿ ಹೊರಗಿಡುತ್ತವೆ. ಮರಿ ಅದರೊಳಗೆ ಹಳದಿಯನ್ನು ಉಂಡು ತಿಂಗಳುಗಟ್ಟಲೆ ಬೆಳೆದು ಹೊರಬೀಳುತ್ತದೆ. ಇನ್ನು ಕೆಲವು ತತ್ತಿಯನ್ನು ಹೊರಗಿಡದೆ ಒಡಲಿನಲ್ಲಿಯೇ ಇಟ್ಟುಕೊಳ್ಳುತ್ತವೆ. ಮರಿ ತನ್ನ ಪಾಲಿನ ಹಳದಿ ಮುಗಿಯುವವರೆಗೆ ಅಲ್ಲಿದ್ದು ಹುಟ್ಟುತ್ತದೆ. ಉತ್ತರದ ತಣ್ಣನೆಯ ಕಡಲುಗಳ ಮುಳ್ಳುಶಾರ್ಕಿನ ಬಸಿರು ಹೀಗೆ ಸುಮಾರು ಎರಡು ವರ್ಷ ನಡೆಯುತ್ತದೆ. ಮೂರನೆಯ ರೀತಿಯೇ ಸೋಜಿಗದ್ದು. ಹಳದಿ ಮುಗಿಯುತ್ತ ಬಂದಂತೆ ಅದರ ಚೀಲ ನೆರಿಗೆಗಟ್ಟಿ ಗರ್ಭಕೋಶದ ಗೋಡೆಗೆ ಹೆಣೆದುಕೊಳ್ಳುತ್ತದೆ. ಚೀಲದ ತೊಟ್ಟು ಉದ್ದವಾಗಿ ಹೊಕ್ಕುಳಬಳ್ಳಿಯಾಗುತ್ತದೆ. ತಾಯಿಯ ರಕ್ತ, ಮರಿಯ ರಕ್ತ ಬೆರೆಯುವುದಿಲ್ಲ; ಆದರೂ ಆಹಾರ ಗೋಡೆಯನ್ನು ದಾಟಿ ಮರಿಗೆ ಮುಟ್ಟುತ್ತದೆ. ಹಸುವಿನಲ್ಲಿ, ಮನುಷ್ಯಳಲ್ಲಿ ಇರುವ ಮಾಸು ಬೇರೆ ಪೊರೆಯಿಂದ ಆದದ್ದು. ಎರಡಕ್ಕೂ ರಕ್ತಸಂಬಂಧವಿಲ್ಲ. ಒಂದೇ ಉಪಾಯವನ್ನು ಪ್ರಕೃತಿ ಬೇರೆಬೇರೆ ಕಡೆ ಬೇರೆಬೇರೆಯಾಗಿ ಸಾಧಿಸಿದೆ.

ಈ ಹೊಕ್ಕುಳಬಳ್ಳಿಯನ್ನು ಮೊದಲು ಬರೆದಿಟ್ಟವನು ಗ್ರೀಕರ ಅರಿಸ್ಟಾಟಲ್, ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ. ಲೆಸ್ಬಾಸ್ ದ್ವೀಪದಲ್ಲಿ ಕೆಲಕಾಲ ಇದ್ದು ಅಲ್ಲಿಯ ಕಡಲ ಜೀವಿಗಳನ್ನು ಅವನು ಚೆನ್ನಾಗಿ ನೋಡಿದ್ದ; ಬೆಸ್ತರನ್ನು ಕೇಳಿ ತಿಳಿಯುವುದಕ್ಕೆ ನಾಚಿದವನಲ್ಲ. ನುಣುಪು ಶಾರ್ಕ್ ಎಂಬ ಒಂದು ಬಗೆಯಲ್ಲಿ ಮರಿ ಹೊಕ್ಕುಳಬಳ್ಳಿಯಿಂದ ತಾಯಿಯ ಗರ್ಭಕ್ಕೆ ಅಂಟಿರುತ್ತದೆ, ನಾಲ್ಕು ಕಾಲಿನ ಪ್ರಾಣಿಗಳ ಮರಿಯಂತೆಯೇ ಪೋಷಣೆ ಪಡೆಯುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಬೆಸ್ತರಿಂದ ಬಂದುದೆಲ್ಲ ನಿಜವೇ ಆಗಿತ್ತೆಂದಲ್ಲ. ಹೊರಬಂದ ಮರಿಗಳನ್ನು ತಾಯಿ ಮತ್ತೆ ಒಳಕ್ಕೆ ಸೇರಿಸಿಕೊಳ್ಳುತ್ತದೆಂಬ ಕಥೆಯನ್ನೂ ಅವನು ಅದೇ ಕಡೆ ಬರೆದಿದ್ದಾನೆ. ಮುಂದಿನವರು ಈ ಕಟ್ಟುಕಥೆಯನ್ನು ಸಂತೋಷದಿಂದ ಹೇಳಿಕೊಂಡು ಬಂದರು. ಹೊಕ್ಕುಳಬಳ್ಳಿಯ ನಿಜವನ್ನು ಮಾತ್ರ ನಂಬಲಿಲ್ಲ.

ಇನ್ನೊಂದು ವಿಷಯ. ನೃಪತುಂಗನ ಕಾಲದ ಆಸುಪಾಸಿನಲ್ಲಿಯೇ, ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ, ಅರಿಸ್ಟಾಟಲನ ಪ್ರಾಣಿಗ್ರಂಥಗಳು ಅರಬ್ಬಿಗೆ ತಿರುಗಿದವು. ಹೊಕ್ಕುಳಬಳ್ಳಿಯ ಮಾತು ಪಂಡಿತರ ಮನೆಯಲ್ಲಿ, ಮೀನಿನೊಳಗಣ ಮೀನು ನಾವಿಕರ ಬಾಯಲ್ಲಿ. ಎರಡೂ ಒಂದೇ ಭಾಷೆಯಲ್ಲಿ ಇದ್ದವು. ಆದರೆ ಒಂದಕ್ಕೊಂದು ಸಾಕ್ಷಿ ನುಡಿಯಲಿಲ್ಲ.

ಯುರೋಪಿನಲ್ಲಿ ಈ ವಿಷಯ ಮತ್ತೆ ತಲೆಯೆತ್ತಿದ್ದು ಹದಿನಾರನೆಯ ಶತಮಾನದಲ್ಲಿ. ಮೋಂಪೆಲಿಯೆ ನಗರದ ವೈದ್ಯ ಗಿಯೋಂ ರಾಂಡಲೆ ೧೫೫೪ರಲ್ಲಿ ಅಚ್ಚಾದ ತನ್ನ ಮತ್ಸ್ಯಗ್ರಂಥದಲ್ಲಿ ಬಳ್ಳಿಯಿಂದ ತಾಯಿಗೆ ಅಂಟಿದ ಮರಿಯ ಚಿತ್ರವನ್ನೇ ಬರೆಯಿಸಿ ಹಾಕಿದ. ಅದೂ ಮರೆತುಹೋಯಿತು. ಆಮೇಲೆ ಬಂದವನು ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್. ಲೋಕ ಅವನನ್ನು ಸ್ಟೆನೋ ಎಂದು ಕರೆಯುತ್ತದೆ.

೧೬೬೬ರಲ್ಲಿ ಇಟಲಿಯ ಲಿವೋರ್ನೋ ಬಳಿ ಬೆಸ್ತರು ಒಂದು ಭಾರಿ ಶಾರ್ಕನ್ನು ಹಿಡಿದರು. ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿದ ದೊರೆ ಫರ್ಡಿನಾಂಡೋ, ಕೊಯ್ದು ಪರೀಕ್ಷಿಸುವ ಕೆಲಸವನ್ನು ಸ್ಟೆನೋವಿಗೆ ಒಪ್ಪಿಸಿದ. ಆ ಕಾಲದಲ್ಲಿ ಬೆಟ್ಟದ ಬಂಡೆಗಳಲ್ಲಿ ಸಿಗುತ್ತಿದ್ದ ತ್ರಿಕೋಣಾಕಾರದ ಕಲ್ಲುಗಳನ್ನು ಜನ ಸರ್ಪದ ನಾಲಗೆ ಕಲ್ಲಾದದ್ದೆಂದು ನಂಬಿ ತಾಯಿತ ಕಟ್ಟಿಕೊಳ್ಳುತ್ತಿದ್ದರು. ಸ್ಟೆನೋ ಅವನ್ನು ಶಾರ್ಕಿನ ಬಾಯಿಯ ಹಲ್ಲುಗಳ ಪಕ್ಕದಲ್ಲಿಟ್ಟು ನೋಡಿ, ಇವು ಹಲ್ಲುಗಳೇ ಎಂದು ವಾದಿಸಿದ. ಹಾಗಾದರೆ ಸಮುದ್ರದ ಹಲ್ಲು ಬೆಟ್ಟದ ಬಂಡೆಯೊಳಗೆ ಹೊಕ್ಕಿದ್ದೆಂತು? ಈ ಪ್ರಶ್ನೆಯ ಬೆನ್ನು ಹತ್ತಿ ೧೬೬೯ರಲ್ಲಿ ಅವನು ಪ್ರಕಟಿಸಿದ ಸಿದ್ಧಾಂತವೇ ಇಂದು ಭೂವಿಜ್ಞಾನದ ಮೊದಲ ಪಾಠವಾಗಿದೆ: ನೀರಿನಲ್ಲಿ ಕೆಸರು ಪದರಪದರವಾಗಿ ಕೂತು ಬಂಡೆಯಾಗುತ್ತದೆ, ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು.

ಅದೇ ಸ್ಟೆನೋ ಶಾರ್ಕಿನ ಬಳಗದ ಇನ್ನೊಂದು ಹೆಣ್ಣುಮೀನನ್ನೂ ಕೊಯ್ದಿದ್ದ. ೧೬೬೭ರಲ್ಲಿ ಎರಡೂ ವರದಿಗಳು ಒಟ್ಟಿಗೆ ಅಚ್ಚಾದವು. ಮರಿ ಹಾಕುವ ಮೀನಿನಲ್ಲಿಯೂ ತತ್ತಿ ಇರುವುದನ್ನು ಕಂಡು, ಸ್ತ್ರೀಯರ ಒಡಲಿನಲ್ಲಿರುವ ಯಾವ ಅಂಗವನ್ನು ವೈದ್ಯರು ಅಂದಿನವರೆಗೆ ಪುರುಷನ ವೃಷಣದ ಹೋಲಿಕೆಯೆಂದು ತಿಳಿದಿದ್ದರೋ ಅದು ವಾಸ್ತವದಲ್ಲಿ ಅಂಡಾಶಯವೇ ಎಂಬ ಅಭಿಪ್ರಾಯಕ್ಕೆ ಅವನು ಬಂದ. ೧೬೭೨ರಲ್ಲಿ ಹಾಲೆಂಡಿನ ದ ಗ್ರಾಫ್ ಆ ಅಂಗವನ್ನು ವಿಸ್ತಾರವಾಗಿ ವರ್ಣಿಸಿದ. ತಾಯಿಯ ಪಾಲು ಬರಿಯ ಹೊಲ, ಬೀಜವೆಲ್ಲ ತಂದೆಯದು ಎಂದು ಸಾವಿರಾರು ವರ್ಷ ನಂಬಿದ್ದ ಮನುಷ್ಯನಿಗೆ ತಾಯಿಗೂ ಬೀಜವುಂಟೆಂಬುದರ ಸುಳಿವು ಒಂದು ಮೀನಿನ ಹೊಟ್ಟೆಯಿಂದ ಸಿಕ್ಕಿತೆಂದರೆ ತಪ್ಪಾಗಲಾರದು.

ಸ್ಟೆನೋ ಹೇಳಿದ ಪದರಗಳನ್ನು ಕಣ್ಣಾರೆ ಕಾಣಲು ನಮ್ಮವರು ಇಟಲಿಗೆ ಹೋಗಬೇಕಾಗಿಲ್ಲ. ಶಹಾಬಾದಿನ ಖಣಿಯ ಅಂಚಿನಲ್ಲಿ ನಿಂತರೆ ಸಾಕು. ನಮ್ಮ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಫರಸಿ ಕಲ್ಲು ಅಲ್ಲಿ ಹಾಳೆಯ ಮೇಲೆ ಹಾಳೆ ಜೋಡಿಸಿಟ್ಟ ಪುಸ್ತಕದಂತೆ ಬಿದ್ದಿದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಈ ಊರುಗಳ ಕೆಳಗೆ ಹಬ್ಬಿದ ಸುಣ್ಣಕಲ್ಲಿನ ಮೇಲೆಯೇ ಇಲ್ಲಿಯ ಸಿಮೆಂಟ್ ಕಾರ್ಖಾನೆಗಳೆಲ್ಲ ನಡೆಯುತ್ತವೆ. ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ೧೮೭೬ರ ತನ್ನ ವರದಿಯಲ್ಲಿ ವಿವರಿಸಿದ ಭೀಮಾ ಶ್ರೇಣಿಯ ಬಂಡೆಗಳು ಇವೇ. ಚಿಂಚೋಳಿಯ ಕಡೆಗೆ ಹೋದಂತೆ ಈ ಸುಣ್ಣಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದ ಕರಿಯ ಕಲ್ಲಿನ ಕೆಳಗೆ ಮುಚ್ಚಿಹೋಗುತ್ತದೆ. ಎಂದರೆ ನಾವು ಸಮುದ್ರದಿಂದ ದೂರವೆಂದು ತಿಳಿದಿರುವ ಸೀಮೆಯೇ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು.

ಹಾಗಾದರೆ ಈ ಕಲ್ಲಿನಲ್ಲಿ ಶಾರ್ಕಿನ ಹಲ್ಲು ಸಿಕ್ಕೀತೇ? ಇಲ್ಲ. ಭೀಮಾ ಸಮುದ್ರ ಹಿಂಗಿದ ಕಾಲಕ್ಕೆ ಭೂಮಿಯ ಮೇಲೆ ಮೀನೆಂಬುದೇ ಹುಟ್ಟಿರಲಿಲ್ಲ. ನಾಲ್ಕು ನೂರು ಮಿಲಿಯ, ಎಂದರೆ ನಲವತ್ತು ಕೋಟಿ ವರ್ಷಗಳಿಗೂ ಹಿಂದಿನ ವಂಶ ಶಾರ್ಕಿನದು. ಆದರೂ ಶಹಾಬಾದಿನ ಫರಸಿಯ ಮುಂದೆ ಅದು ಎಳೆಯದೇ ಸರಿ. ಅಲ್ಲದೆ ಶಾರ್ಕಿನ ಅಸ್ಥಿಪಂಜರ ಮೆದುವಾದ ಮೃದ್ವಸ್ಥಿಯದು. ಸತ್ತ ಮೇಲೆ ಉಳಿಯುವುದು ಹೆಚ್ಚಾಗಿ ಹಲ್ಲು ಮಾತ್ರ. ಬಸಿರಿನ ಕಥೆಯನ್ನು ಬಂಡೆ ಹೇಳುವುದು ತೀರ ಅಪರೂಪ. ಅಂಥ ಒಂದು ಅಪರೂಪದ ಬಂಡೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ದೊರೆಯಿತು. ಅಲ್ಲಿಯ ಗೋಗೋ ಎಂಬಲ್ಲಿಯ ಸುಣ್ಣಕಲ್ಲಿನಲ್ಲಿ, ಸುಮಾರು ಮೂವತ್ತೆಂಟು ಕೋಟಿ ವರ್ಷ ಹಿಂದಿನ ಕವಚಮೀನಿನ ಒಡಲಿನಲ್ಲಿ, ಮರಿಯೂ ಹೊಕ್ಕುಳಬಳ್ಳಿಯೂ ಕಲ್ಲಾಗಿ ಉಳಿದಿದ್ದವು; ೨೦೦೮ರಲ್ಲಿ ಅದರ ವಿವರ ಪ್ರಕಟವಾಯಿತು. ಆ ಮೀನು ಶಾರ್ಕಲ್ಲ, ವಂಶವೇ ಅಳಿದ ಬೇರೊಂದು ಬಳಗ. ಆದರೂ ಮರಿಯನ್ನು ಒಡಲಲ್ಲಿ ಹೊತ್ತು ಹೆರುವುದು ಮೀನುಗಳಲ್ಲಿ ಎಷ್ಟು ಹಳೆಯ ಪದ್ಧತಿಯೆಂಬುದಕ್ಕೆ ಅದೇ ಸಾಕ್ಷಿ.

ಮತ್ತೆ ನಮ್ಮ ಕಥೆಗೆ ಬರೋಣ. ಅರಿಸ್ಟಾಟಲನ ಮಾತನ್ನು ಪರೀಕ್ಷಿಸಿದ ಕೆಲವರಿಗೆ ನುಣುಪು ಶಾರ್ಕಿನಲ್ಲಿ ಬಳ್ಳಿ ಕಂಡಿತು. ಕೆಲವರಿಗೆ ಎಷ್ಟು ಕೊಯ್ದರೂ ಕಾಣಲಿಲ್ಲ. ಈ ಜಗಳವನ್ನು ಬಗೆಹರಿಸಿದವನು ಬರ್ಲಿನ್ನಿನ ಅಂಗರಚನಾಶಾಸ್ತ್ರಜ್ಞ ಯೊಹಾನೆಸ್ ಮ್ಯೂಲರ್. ೧೮೪೨ರಲ್ಲಿ ಪ್ರಕಟವಾದ ಅವನ ಪ್ರಬಂಧ ಅರಿಸ್ಟಾಟಲನ ನುಣುಪು ಶಾರ್ಕಿಗೇ ಮೀಸಲು. ಅವನು ಕಂಡುಕೊಂಡದ್ದು ಇಷ್ಟು: ಮೆಡಿಟರೇನಿಯನ್ನಿನಲ್ಲಿ ನೋಟಕ್ಕೆ ಬಹುಮಟ್ಟಿಗೆ ಒಂದೇ ತೆರನಾದ ಎರಡು ಜಾತಿಗಳಿವೆ, ಒಂದಕ್ಕೆ ಮಾಸು ಉಂಟು, ಇನ್ನೊಂದಕ್ಕೆ ಇಲ್ಲ. ಕಂಡೆನೆಂದವರೂ ಸುಳ್ಳು ಹೇಳಿರಲಿಲ್ಲ, ಕಾಣಲಿಲ್ಲವೆಂದವರೂ ಸುಳ್ಳು ಹೇಳಿರಲಿಲ್ಲ. ಇಬ್ಬರೂ ಬೇರೆಬೇರೆ ಮೀನನ್ನು ಕೊಯ್ದಿದ್ದರು, ಅಷ್ಟೆ.

ಇದೇ ಮ್ಯೂಲರನೂ ಅವನ ಜೊತೆಗಾರ ಹೆನ್ಲೆಯೂ ನಮ್ಮ ಕಡಲಿನ ಹಲವು ಶಾರ್ಕುಗಳಿಗೆ ಶಾಸ್ತ್ರೀಯ ಹೆಸರನ್ನಿಟ್ಟವರು. ೧೮೩೮ರಲ್ಲಿ ಅವರು ಹೆಸರಿಸಿದವುಗಳಲ್ಲಿ ಒಂದು, ಕರ್ನಾಟಕದ ಕರಾವಳಿಯೂ ಸೇರಿ ಪಶ್ಚಿಮ ಕರಾವಳಿಯಲ್ಲೆಲ್ಲ ದೊರೆಯುವ, ಸಲಿಕೆಯಂಥ ಚಪ್ಪಟೆ ಮೂತಿಯ ಪುಟ್ಟ ಶಾರ್ಕ್, ಸ್ಕೋಲಿಯೋಡಾನ್. ಬೆಳೆದರೂ ಮುಕ್ಕಾಲು ಮೀಟರು ದಾಟದ ಮೀನಿದು. ಆದರೆ ಬಸಿರಿನ ಏರ್ಪಾಡಿನಲ್ಲಿ ಶಾರ್ಕುಗಳಲ್ಲೆಲ್ಲ ಮುಂದೆ ಹೋದದ್ದು ಇದೇ ಎಂದು ತಿಳಿದವರು ಹೇಳುತ್ತಾರೆ. ಬೇರೆ ಶಾರ್ಕುಗಳ ತತ್ತಿಯಲ್ಲಿ ಹಳದಿಯ ದೊಡ್ಡ ಬುತ್ತಿಯೇ ಇದ್ದರೆ, ಇದರ ತತ್ತಿ ಒಂದು ಮಿಲಿಮೀಟರಿನಷ್ಟು. ಹಳದಿ ಹೆಸರಿಗೆ ಮಾತ್ರ. ಆದುದರಿಂದ ಬಲು ಬೇಗನೆ ಮಾಸು ಕಟ್ಟಿ, ಐದಾರು ತಿಂಗಳ ಬಸಿರಿನ ಬಹುಪಾಲನ್ನು ಮರಿ ತಾಯಿಯ ಆಹಾರದಿಂದಲೇ ಕಳೆಯುತ್ತದೆ. ಹುಟ್ಟುವಾಗ ಅದು ಗೇಣುದ್ದಕ್ಕೆ ಸ್ವಲ್ಪ ಕಡಿಮೆ.

ಭಾರತದಲ್ಲಿ ಈ ಅಧ್ಯಯನ ಮೊದಲಾದುದು ಸರ್ವೆ ಹಡಗಿನ ಮೇಲೆ. 'ಇನ್ವೆಸ್ಟಿಗೇಟರ್' ಹಡಗಿನ ವೈದ್ಯನಾಗಿದ್ದ ಆಲ್ಕಾಕ್, ಕಲ್ಕತ್ತೆಯ ವಸ್ತುಸಂಗ್ರಹಾಲಯದ ವುಡ್ ಮೇಸನ್ ಜೊತೆಗೂಡಿ, ಶಾರ್ಕಿನ ದಾಯಾದಿಯಾದ ಒಂದು ತೊರಕೆಯ ಗರ್ಭವನ್ನು ೧೮೯೧ರಲ್ಲಿ ವರ್ಣಿಸಿದ. ಅಲ್ಲಿ ಮಾಸಿಲ್ಲ, ಗರ್ಭಕೋಶದ ಗೋಡೆಯಿಂದ ನೂಲಿನಂಥ ಎಳೆಗಳು ಇಳಿದು ಮರಿಗೆ ಹಾಲಿನಂಥ ರಸವನ್ನು ಊಡುತ್ತವೆ. ೧೯೩೮ರಲ್ಲಿ ಮದರಾಸಿನ ಗೋಪಾಲ ಅಯ್ಯರ್ ಮತ್ತು ನಳಿನಿ ಅವರು ತತ್ತಿಯಿಡುವ ಬಿದಿರು ಶಾರ್ಕಿನ ಸಂಚಿಯನ್ನೂ ಭ್ರೂಣವನ್ನೂ ವಿವರಿಸಿದರು. ೧೯೪೦ರಲ್ಲಿ ಮಹಾದೇವನ್ ಅವರು ನಮ್ಮ ಶಾರ್ಕುಗಳ ಮಾಸಿನ ರಚನೆಯ ಮೇಲೆ ಬರೆದರು. ೧೯೪೮ರಲ್ಲಿ ಮುಂಬಯಿಯ ಸೆಟ್ನಾ ಮತ್ತು ಸಾರಂಗಧರ ಅವರ ಪ್ರಬಂಧಗಳು ಬಂದವು. ಆ ದಿನಗಳಲ್ಲಿ ಕಾರವಾರದ ಕರಾವಳಿ ಮುಂಬಯಿ ಪ್ರಾಂತಕ್ಕೂ ಮಂಗಳೂರಿನದು ಮದರಾಸು ಪ್ರಾಂತಕ್ಕೂ ಸೇರಿದ್ದಿತೆಂಬುದನ್ನು ನೆನೆದರೆ, ೧೯೫೬ರಲ್ಲಿ ಒಂದಾಗುವ ಮೊದಲು ಕನ್ನಡದ ಕಡಲು ಎರಡು ಇಲಾಖೆಗಳ ಕಡತದಲ್ಲಿ ಹಂಚಿಹೋಗಿದ್ದುದು ತಿಳಿಯುತ್ತದೆ.

೧೯೪೮ರಲ್ಲಿಯೇ ಅಮೆರಿಕದ ಸ್ಟೂವರ್ಟ್ ಸ್ಪ್ರಿಂಗರ್ ಇನ್ನೊಂದು ಬಗೆಯನ್ನು ಪ್ರಕಟಿಸಿದ. ಮರಳುಶಾರ್ಕಿನ ಎರಡು ಗರ್ಭಕೋಶಗಳಲ್ಲಿ ಒಂದೊಂದು ಮರಿ ಮಾತ್ರ ಹುಟ್ಟಿಬರುತ್ತದೆ. ಏಕೆಂದರೆ ಮೊದಲು ಬೆಳೆದ ಮರಿ ಗರ್ಭದಲ್ಲಿಯೇ ಒಡಹುಟ್ಟುಗಳನ್ನೂ ತತ್ತಿಗಳನ್ನೂ ತಿಂದು ಮುಗಿಸುತ್ತದೆ. ಮತ್ಸ್ಯನ್ಯಾಯ ತಾಯಿಯ ಹೊಟ್ಟೆಯಲ್ಲಿಯೇ ಆರಂಭವಾಗುವ ಉದಾಹರಣೆ ಇದು! ಇನ್ನು ಶಾರ್ಕುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲಶಾರ್ಕ್ ತತ್ತಿಯಿಡುತ್ತದೆಂದು, ೧೯೫೩ರಲ್ಲಿ ಸಿಕ್ಕ ಒಂದೇ ಒಂದು ಸಂಚಿಯ ಬಲದಿಂದ, ಪಂಡಿತರು ನಾಲ್ಕು ದಶಕ ನಂಬಿದ್ದರು. ೧೯೯೫ರಲ್ಲಿ ತೈವಾನಿನ ಬೆಸ್ತರು ಹಿಡಿದ ಹೆಣ್ಣಿನ ಒಡಲಿನಲ್ಲಿ ಸುಮಾರು ಮುನ್ನೂರು ಮರಿಗಳು ಕಂಡವು. ಮತ್ತೊಮ್ಮೆ ಗ್ರಂಥವನ್ನು ತಿದ್ದಿದ್ದು ಬೆಸ್ತರ ಚೂರಿಯೇ.

ಇಷ್ಟೆಲ್ಲ ತಿಳಿದದ್ದರಿಂದ ಬಂದ ಲಾಭವೇನೆಂದು ಕೇಳಿದರೆ, ತಿಳಿದೂ ಲೆಕ್ಕಕ್ಕೆ ಹಿಡಿಯದೆ ಹೋದದ್ದರಿಂದ ಆದ ನಷ್ಟವನ್ನು ಹೇಳಬೇಕಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ನಾರ್ವೆಯಿಂದ ಬರುತ್ತಿದ್ದ ಕಾಡ್ ಮೀನಿನ ಎಣ್ಣೆ ನಿಂತುಹೋದಾಗ, 'ಎ' ಜೀವಸತ್ತ್ವಕ್ಕಾಗಿ ಮದರಾಸು, ತಿರುವಾಂಕೂರು, ಮುಂಬಯಿ ಸರ್ಕಾರಗಳು ಶಾರ್ಕಿನ ಪಿತ್ತಜನಕಾಂಗದ ಎಣ್ಣೆ ತೆಗೆಸಲು ತೊಡಗಿದವು. ಮಕ್ಕಳ ಕಣ್ಣು ಉಳಿಸಿದ ಎಣ್ಣೆಯದು, ಅದನ್ನು ಹಳಿಯುವಂತಿಲ್ಲ. ಆದರೆ ಅದೇ ಎಣ್ಣೆಗಾಗಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೩೦ರ ದಶಕದ ಕೊನೆಗೆ ಭರದಿಂದ ಬೆಳೆದ ಶಾರ್ಕ್ ಬೇಟೆ ಹತ್ತು ವರ್ಷ ತುಂಬುವ ಮೊದಲೇ ಕುಸಿದುಬಿದ್ದಿತು. ಕೃತಕ ಜೀವಸತ್ತ್ವ ಬಂದು ಎಣ್ಣೆಯ ಬೇಡಿಕೆ ತಗ್ಗಿದ ಮೇಲೆ ರೆಕ್ಕೆಯ ವ್ಯಾಪಾರ ಆ ಜಾಗಕ್ಕೆ ಬಂದಿತು.

ತಪ್ಪು ಲೆಕ್ಕದಲ್ಲಿತ್ತು. ಬೂತಾಯಿ ಹತ್ತಾರು ಸಾವಿರ ತತ್ತಿಗಳನ್ನು ಚೆಲ್ಲುತ್ತದೆ. ಒಂದು ವರ್ಷ ಹೆಚ್ಚು ಹಿಡಿದರೂ ಮುಂದಿನ ಮಳೆಗಾಲಗಳಲ್ಲಿ ತುಂಬಿಕೊಂಡೀತು. ಸ್ಕೋಲಿಯೋಡಾನ್ ಹೆರುವುದು ಹತ್ತು ಹನ್ನೆರಡರ ಆಸುಪಾಸು. ರೆಕ್ಕೆಯ ತುದಿ ಕಪ್ಪಾಗಿರುವ ದೊಡ್ಡ ಶಾರ್ಕಿಗೆ ಸಾಮಾನ್ಯವಾಗಿ ನಾಲ್ಕರಿಂದ ಏಳು ಮರಿ. ಬಸಿರು ಹತ್ತು ಹನ್ನೆರಡು ತಿಂಗಳು. ಅದೂ ವರ್ಷ ಬಿಟ್ಟು ವರ್ಷ. ಇದು ಮೀನಿನ ಲೆಕ್ಕವಲ್ಲ, ದನಕರುಗಳ ಲೆಕ್ಕ. ಗಬ್ಬದ ಹಸುಗಳನ್ನೇ ಆರಿಸಿ ಕಡಿದರೆ ಕೊಟ್ಟಿಗೆ ಎಷ್ಟು ದಿನ ಉಳಿದೀತೆಂಬುದು ಚಿತ್ತಾಪುರದ ರೈತನಿಗೂ ಗೊತ್ತು. ಆದರೆ ಮರಿ ಹಾಕಲು ದಡದ ಹತ್ತಿರ ಬರುವ ಶಾರ್ಕು ಬಲೆಗೆ ಬೀಳುವುದು ಆಗಲೇ. ೨೦೨೧ರ ಅಂದಾಜಿನಂತೆ ಶಾರ್ಕ್, ತೊರಕೆಗಳ ಬಳಗದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜಾತಿಗಳು ಅಳಿವಿನ ಅಂಚಿನಲ್ಲಿವೆ. ತೆರೆದ ಸಾಗರದ ಶಾರ್ಕ್ ತೊರಕೆಗಳು ೧೯೭೦ರಿಂದ ಈಚೆಗೆ ನೂರಕ್ಕೆ ಎಪ್ಪತ್ತರಷ್ಟು ಕುಗ್ಗಿವೆ.

ಕಾನೂನು ಬಂದಿಲ್ಲವೆಂದಲ್ಲ. ೨೦೦೧ರಲ್ಲಿ ತಿಮಿಂಗಿಲಶಾರ್ಕೂ ಸೇರಿ ಹತ್ತು ಜಾತಿಗಳು ವನ್ಯಜೀವಿ ಕಾಯ್ದೆಯ ರಕ್ಷಣೆಗೆ ಬಂದವು. ೨೦೧೫ರಲ್ಲಿ ರೆಕ್ಕೆಯ ರಫ್ತು ನಿಂತಿತು. ೨೦೨೨ರ ತಿದ್ದುಪಡಿಯಿಂದ ಪಟ್ಟಿ ಇನ್ನಷ್ಟು ಬೆಳೆಯಿತು. ಆದರೆ ಪಟ್ಟಿಯಲ್ಲಿಲ್ಲದ ಜಾತಿಗಳೂ ಬಹಳ. ದೋಣಿಯಲ್ಲಿ ಮೂತಿಯೊಂದನ್ನೇ ನೋಡಿ ಇದು ಯಾವ ಜಾತಿ ಎಂದು ಹೇಳುವುದು ಮ್ಯೂಲರನ ಕಾಲದಲ್ಲಿ ಎಷ್ಟು ಕಷ್ಟವಿತ್ತೋ ಇಂದೂ ಅಷ್ಟೇ ಕಷ್ಟ. ಬಲೆಯವನ ಹೊಟ್ಟೆಪಾಡನ್ನು ಮರೆತು ದಡದ ಮೇಲಿನವರು ಮಾಡುವ ಉಪದೇಶವೂ ಹೆಚ್ಚು ದೂರ ಹೋಗಲಾರದು. ಬಾಣಂತಿಗೆ ಹಾಲು ಬರಲೆಂದು ಶಾರ್ಕಿನ ಮಾಂಸವನ್ನು ಉಣಿಸುವ ರೂಢಿ ದಕ್ಷಿಣದ ಕರಾವಳಿಗಳಲ್ಲಿ ಇದೆ. ಆ ಊಟದ ಹಿಂದೆಯೂ ಒಂದು ತಾಯ್ತನದ ನಂಬಿಕೆಯೇ ಇರುವುದು.

ಇಪ್ಪತ್ಮೂರು ಶತಮಾನಗಳ ಈ ಚರಿತ್ರೆಯಲ್ಲಿ ಪ್ರತಿ ಸಲವೂ ನಿಜ ಹೊರಬಿದ್ದದ್ದು ಮೀನು ಕೊಯ್ಯುವವನು ಕಂಡದ್ದನ್ನು ಕಲಿತವನು ಕಿವಿಗೊಟ್ಟು ಕೇಳಿದಾಗ. ಯಾವ ತಿಂಗಳಿನಲ್ಲಿ, ಯಾವ ನೀರಿನಲ್ಲಿ ಬಸುರಿ ತಾಟೆಗಳು ಬಲೆಗೆ ಬರುತ್ತವೆಂಬುದು ಮಲ್ಪೆಯ, ಕಾರವಾರದ ಬೋಟಿನವರಿಗೆ ತಿಳಿದಷ್ಟು ಯಾವ ಕಚೇರಿಗೂ ತಿಳಿದಿರಲಾರದು. ಆ ತಿಂಗಳು, ಆ ನೀರನ್ನು ಬಿಟ್ಟುಕೊಡುವ ಏರ್ಪಾಡು ಆಗಬೇಕಾದರೆ ಅವರನ್ನು ಮೊದಲು ಕೇಳಬೇಕು. ಬಿಟ್ಟುಕೊಟ್ಟ ದಿನಗಳ ನಷ್ಟವನ್ನು ಅವರೊಬ್ಬರ ತಲೆಗೇ ಕಟ್ಟಬಾರದು. ನೃಪತುಂಗನ ಕಾಲದ ನಾವಿಕರ ಮಾತನ್ನು ಹರಟೆಯೆಂದು ಬಿಟ್ಟವರಿಗೆ ನಷ್ಟವಾದದ್ದು ಜ್ಞಾನ ಮಾತ್ರ. ಇಂದಿನವರ ಮಾತನ್ನು ಕೇಳದೆ ಬಿಟ್ಟರೆ ಹೋಗುವುದು ಮೀನು.